ಗೋರಿ ತಿಕ್ಕುವ ಕಾವಲುಗಾರ

ದ್ವೀಪದ ಪಾಳು ಚರ್ಚಿನ ಕಾವಲುಗಾರನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ದೋಣಿ ಇಳಿದವರು ಗೋರಿಯ ಮೇಲೆ ಕೂತು ತಿಂಡಿಯ ಪೊಟ್ಟಣ ಬಿಚ್ಚಿದರೆ ಸಾಕು, “ಏಳ್ರೀ ಮೇಲೆ! ನಿಮ್ಮಜ್ಜನ ಎದೆ ಮೇಲೂ ಹೀಗೇ ಕೂತ್ಕೋತೀರಾ?” ಎಂದು ಎಗರಿ ಬೀಳುತ್ತಾನೆ. ಸೂರಿಲ್ಲದ ಗೋಡೆಗಳೊಳಗೆ ಜೋರಾಗಿ ನಕ್ಕವರಿಗೂ ಮಂಗಳಾರತಿ ತಪ್ಪಿದ್ದಲ್ಲ. ಅವರ ದೋಣಿ ಮರೆಯಾದದ್ದೇ ತಡ, ತಂತಿ ಬ್ರಷ್ಷು ಹಿಡಿದು ಒಂದೊಂದೇ ಗೋರಿಯನ್ನು ತಿಕ್ಕಿ ತೊಳೆಯುತ್ತಾನೆ. ಇಪ್ಪತ್ತೆರಡು ವರ್ಷಗಳಿಂದ ಒಂದು ದಿನವೂ ತಪ್ಪಿಸಿಲ್ಲ. ಮೊನ್ನೆ ನಾನು ಅಲ್ಲಿ ಉಳಿದು ನೋಡುತ್ತಿದ್ದಾಗ, “ನೋಡಿ ಸಾರ್, ಕೂತೂ ಕೂತೂ ಹೆಸರುಗಳನ್ನೇ ಅಳಿಸಿಬಿಟ್ರು, ಪಾಪಿಗಳು!” ಎಂದು ಹಲ್ಲು ಕಡಿಯುತ್ತ ಇನ್ನಷ್ಟು ಜೋರಾಗಿ ತಿಕ್ಕಿದ. ಬ್ರಷ್ಷಿನ ವಿಷಯ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಬೋಳು ಕಲ್ಲುಗಳ ಮೇಲೆ ಕೈಯಿಡುತ್ತ ಮೂವತ್ತೊಂದು ಹೆಸರುಗಳನ್ನೂ ತಡವರಿಸದೆ ಹೇಳಿದ. ಅವು ಈಗ ಉಳಿದಿರುವುದು ಆ ಬಯ್ಯುವ ಬಾಯಲ್ಲಿ ಮಾತ್ರ. ನಾನು ನನ್ನ ಬಾಯಿ ಮುಚ್ಚಿಕೊಂಡೆ.