ಹುಟ್ಟೋ ಪೆಟ್ಟೋ

ಹಳೇ ನಾಣ್ಯದಂಗಡಿಯ ಯಜಮಾನರನ್ನು ಬೀದಿಯವರೆಲ್ಲ ಕರೆಯುವುದು ಭೂತಗನ್ನಡಿ ಮಾವ ಎಂದೇ. ಕನ್ನಡಕ ಹಣೆಗೇರಿಸಿ, ಭೂತಗನ್ನಡಿ ಕಣ್ಣಿಗೆ ಹಿಡಿದು ಕೂತರೆ ಮುಗಿಯಿತು, ಬಂದವರ ಮುಖ ಅವರಿಗೆ ಬೇಡ, ನಾಣ್ಯ ಸಾಕು. ಟಂಕಸಾಲೆಯಲ್ಲೇ ಅಚ್ಚು ತಪ್ಪಿ ಹುಟ್ಟಿದ ನಾಣ್ಯಕ್ಕೆ ಸಂಗ್ರಹಕಾರರು ಮುಗಿಬೀಳುತ್ತಾರೆ. ಆಮೇಲೆ ಪೆಟ್ಟು ತಿಂದು ಜಜ್ಜಿಹೋದದ್ದನ್ನು ಯಾರೂ ಮೂಸಿ ನೋಡುವುದಿಲ್ಲ. “ಹುಟ್ಟೋ ಪೆಟ್ಟೋ, ಇರೋದು ಇದೊಂದೇ ಪ್ರಶ್ನೆ” ಎನ್ನುವ ಮಾವ ಉತ್ತರಕ್ಕೆಂದು ಒಂದು ನಿಮಿಷಕ್ಕಿಂತ ಹೆಚ್ಚು ತೆಗೆದುಕೊಂಡವರಲ್ಲ. “ಗೀರಿನ ಪಕ್ಕ ಲೋಹ ಉಬ್ಬಿದೆ ನೋಡಿ, ಇದು ಪೆಟ್ಟು. ನಿಮ್ಮ ತಾತನ ಸುತ್ತಿಗೆ ಕೆಲಸ, ಟಂಕಸಾಲೇದಲ್ಲ!” ಲಕ್ಷದ ಕನಸು ಹೊತ್ತು ಬಂದವರ ಮುಖ ಸಪ್ಪಗಾದರೂ ದಾಕ್ಷಿಣ್ಯವಿಲ್ಲ; ಮಗಳ ಮದುವೆ ಮಾತಿಗೆ ಬಂದ ಬೀಗರ ನಾಣ್ಯವನ್ನೂ ಪೆಟ್ಟೆಂದು ಕೈಗೆ ವಾಪಸಿಟ್ಟವರು ಅವರು. ಇಂಥವರ ಅಂಗಡಿಗೆ, ಮನೆ ಪಾಲಾದಾಗ ಮಾತು ಬಿಟ್ಟು ಹೋಗಿದ್ದ ಅವರ ಸ್ವಂತ ಅಕ್ಕ ಈಗ ಎರಡು ವರ್ಷದಿಂದ ತಿಂಗಳಿಗೊಮ್ಮೆ ಬರುತ್ತಾರೆ. ಕರವಸ್ತ್ರದ ಗಂಟು ಬಿಚ್ಚಿ, ಪ್ರತಿ ಸಲವೂ ಎಲೆಯಂತೆ ಚಪ್ಪಟೆಯಾದ ಅದೇ ಒಂದು ನಾಣ್ಯವನ್ನು ಮೇಜಿನ ಮೇಲಿಡುತ್ತಾರೆ. “ಇದೇನೂಂತ ನೋಡಿ ಹೇಳೋ.” ಮಾವ ಅದನ್ನು ಆ ಮಗ್ಗುಲು ಈ ಮಗ್ಗುಲು ತಿರುಗಿಸುತ್ತಾರೆ, ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ, ನಡುವೆ ಟೀ ತರಿಸುತ್ತಾರೆ, ಮಂಡಿನೋವು ಹೇಗಿದೆ ಎಂದು ಕೇಳುತ್ತಾರೆ. ಗಂಟೆ ಕಳೆದ ಮೇಲೆ, “ಯಾಕೋ ಗೊತ್ತಾಗ್ತಿಲ್ಲ ಅಕ್ಕಾ, ಮುಂದಿನ ತಿಂಗಳು ಇನ್ನೊಂದ್ಸಲ ತಗೊಂಡ್ಬಾ” ಎನ್ನುತ್ತಾರೆ. “ಆಗಲಿ, ಅವಸರ ಏನಿಲ್ಲ” ಎಂದು ಅಕ್ಕ ಮತ್ತೆ ಗಂಟು ಕಟ್ಟಿಕೊಳ್ಳುತ್ತಾರೆ. ಐವತ್ತು ವರ್ಷದ ಹಿಂದೆ ಆ ನಾಣ್ಯವನ್ನು ರೈಲು ಹಳಿಯ ಮೇಲಿಟ್ಟವರು ಮಾವ. ಯಾರಾದರೂ ಬಂದಾರೆಂದು ಕಾವಲು ನಿಂತಿದ್ದವರು ಅಕ್ಕ.