ಹಕ್ಕಿಪುಸ್ತಕಕ್ಕೆ ಇರುವೆ ಮುತ್ತಿದ್ದು

ತಾಕ್ವರೆಂಬೊ ಊರಿನ ವಿಶ್ವವಿದ್ಯಾಲಯದಲ್ಲಿ ನೆಲ್ಬಾ ಒಲಿವೇರಾ ಎಂದರೆ ಬೇರೆ ಊರಿನ ಗ್ರಂಥಾಲಯಗಳಿಂದ ಪುಸ್ತಕ ಎರವಲು ತರಿಸಿಕೊಡುವ ವಿಭಾಗದ ಮುಖ್ಯಸ್ಥೆ. ವಿಭಾಗದಲ್ಲಿ ಇದ್ದವಳು ಅವಳೊಬ್ಬಳೇ ಆದ್ದರಿಂದ ಆ ಪದವಿಗೆ ಪೈಪೋಟಿ ಇರಲಿಲ್ಲ. ಬಸ್ಸಿನಲ್ಲಿ ಬಂದ ಪೊಟ್ಟಣವನ್ನು ಅವಳು ಬಿಚ್ಚುವ ರೀತಿ ನೋಡಿದರೆ ಒಳಗೆ ಹಸುಗೂಸು ಇದೆಯೇನೋ ಅನ್ನಿಸುತ್ತಿತ್ತು. “ಇದು ಬೇರೆಯವರ ಮನೆ ಸೊತ್ತು, ತಿಳೀತಾ?” ಎಂದು ಕೊಡುವಾಗೊಮ್ಮೆ, ವಾಪಸು ತೆಗೆದುಕೊಳ್ಳುವಾಗೊಮ್ಮೆ ಉಪದೇಶ. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಮಾಟೆ ಸೊಪ್ಪಿಗೆ ಬಿಸಿನೀರು ಹೊಯ್ದು ಹೀರುವ ಸೋರೆಬುರುಡೆ ಇಲ್ಲದೆ ಹೊಸಿಲು ದಾಟದ ಜನ ನಮ್ಮವರು. ಆದರೂ ಅವಳ ಮೇಜಿನ ಹತ್ತಿರ ಬರುವವರು, ಕುಲಪತಿಯೇ ಆಗಲಿ, ಎರಡನ್ನೂ ಕಿಟಕಿಕಟ್ಟೆಯ ಮೇಲಿಟ್ಟು ಬರಬೇಕು.

ಅವಳ ಸ್ವಂತ ಬುರುಡೆ ಹಿಂದಿನ ಕೋಣೆಯ ಬೀರುವಿನಲ್ಲಿತ್ತು. ಪಕ್ಕದಲ್ಲಿ ಸಕ್ಕರೆ ಡಬ್ಬಿ. ನಮ್ಮಲ್ಲಿ ದೊಡ್ಡವರು ಕುಡಿಯುವ ಮಾಟೆ ಎಂದರೆ ಕಹಿ. ಸಕ್ಕರೆ ಏನಿದ್ದರೂ ಹಾಲುಹಲ್ಲಿನ ಮಕ್ಕಳಿಗೆ. ಬೀರುವಿಗೆ ಬೀಗ ಬಿದ್ದದ್ದು ಅದಕ್ಕೇ.

ಪ್ರಾಣಿಶಾಸ್ತ್ರದ ಮೇಷ್ಟ್ರು ಅದೆಮಾರ್ ಪಿರಿಸ್, ಮೇಲೊ ಎಂಬ ಊರಿನ ಗ್ರಂಥಾಲಯದಿಂದ ತರಿಸಿಕೊಂಡಿದ್ದ ಹಕ್ಕಿಪುಸ್ತಕದ ಮೊದಲ ಸಂಪುಟವನ್ನು ಒಂದು ಮಧ್ಯಾಹ್ನ ಹಿಂತಿರುಗಿಸಿ ಹೋದರು. ನೆಲ್ಬಾ ಅದನ್ನು ಒಳಗೊಯ್ದು, ತನ್ನ ಸಿಹಿ ಮಾಟೆ ಹೀರುತ್ತಾ ಕೊಕ್ಕರೆಯ ಚಿತ್ರ ನೋಡುತ್ತಿದ್ದಾಗ ಬುರುಡೆ ಮಗುಚಿತು. ಕೊಕ್ಕರೆಯ ಬಿಳಿ ಹೊಟ್ಟೆ ಹಸಿರಾಯಿತು.

ಮರುದಿನ ಮೇಷ್ಟ್ರು ಎರಡನೇ ಸಂಪುಟ ಕೇಳಲು ಬಂದಾಗ ಪುಸ್ತಕ ಕಿಟಕಿಯಲ್ಲಿ ಬಾಯ್ದೆರೆದು ಒಣಗುತ್ತಿತ್ತು.

“ಅಯ್ಯೋ, ಇದು ನನ್ನದೇ ಕೆಲಸ ಇರಬೇಕು ಅಕ್ಕಾ! ನಿದ್ದೇಲೂ ಬುರುಡೆ ಹಿಡ್ಕೊಂಡಿರ್ತಾನೆ ಅಂತ ನನ್ನ ಹೆಂಡತಿ ಬೈತಾಳೆ.”

ಅಲ್ಲ ಎನ್ನಲು ನೆಲ್ಬಾ ಬಾಯಿ ತೆರೆದಳು. ಹೊರಬಿದ್ದದ್ದು ಅಭ್ಯಾಸದ ಮಾತು: “ನಿಯಮ ನಿಯಮವೇ ಮೇಷ್ಟ್ರೇ. ಈ ವರ್ಷ ನಿಮಗೆ ಎರವಲಿಲ್ಲ.”

ತಮ್ಮೂರ ಹೊಳೆಯ ಹಕ್ಕಿಗಳ ಬಗ್ಗೆ ಮೇಷ್ಟ್ರು ಹತ್ತು ವರ್ಷದಿಂದ ಬರೆಯುತ್ತಿದ್ದ ಪುಸ್ತಕ ಆ ಎರಡನೇ ಸಂಪುಟಕ್ಕಾಗಿ ನಿಂತಿತ್ತು. ಅವರು ತಲೆಯಾಡಿಸಿ, ಕ್ಷಮೆ ಕೇಳಿ ಹೋದರು. ಮುಂದೆಯೂ ದಿನಾ ಬಂದು, “ಪುಟ ಒಣಗಿತಾ ಅಕ್ಕಾ?” ಎಂದು ರೋಗಿಯನ್ನು ವಿಚಾರಿಸುವಂತೆ ವಿಚಾರಿಸುತ್ತಿದ್ದರು. ಬೈದಿದ್ದರೆ ಅವಳಿಗೆ ಊಟವಾದರೂ ಸೇರುತ್ತಿತ್ತು.

ವಾರ ಕಳೆಯುವಷ್ಟರಲ್ಲಿ ಕೊಕ್ಕರೆಯ ಹೊಟ್ಟೆಗೆ ಇರುವೆ ಮುತ್ತಿತು. ಮೇಷ್ಟ್ರು ಬಗ್ಗಿ ನೋಡಿದರು. ಕಿಟಕಿಕಟ್ಟೆಯ ಮೇಲಿನ ತಮ್ಮ ಕಹಿ ಬುರುಡೆಯನ್ನೂ ನೋಡಿದರು. ಅದರ ಹತ್ತಿರ ಒಂದು ಇರುವೆಯೂ ಸುಳಿದಿರಲಿಲ್ಲ. ಪುಟವನ್ನು ಮೆಲ್ಲಗೆ ಊದಿ, ಹೊರಟುಹೋದರು.

ನೆಲ್ಬಾ ಫೋನೆತ್ತಿ ಮೇಲೊದ ಗ್ರಂಥಪಾಲಕಿ ಗ್ಲಾದಿಸ್‌ಗೆ ಎಲ್ಲ ಹೇಳಿದಳು.

“ಕಲೆ ಹಾಳಾಗ್ಲಿ ಬಿಡು ಮಾರಾಯ್ತಿ,” ಎಂದಳು ಗ್ಲಾದಿಸ್. “ಸಕ್ಕರೆ ಹಾಕ್ತೀಯಾ? ನೀನು? ಈ ವಯಸ್ಸಲ್ಲಿ?” ನಕ್ಕು ಸುಸ್ತಾದ ಮೇಲೆ ದನಿ ಗಟ್ಟಿಯಾಯಿತು. “ಎರಡನೇ ಸಂಪುಟ ಇನ್ನು ಪೊಟ್ಟಣದಲ್ಲಿ ಬರಲ್ಲ. ನೀನೇ ಬಂದು ತಗೊಂಡು ಹೋಗು. ಫ್ಲಾಸ್ಕು ತರಬೇಡ.”

ಫ್ಲಾಸ್ಕಿಲ್ಲದೆ ಅಷ್ಟು ದೂರ ಬಸ್ಸಿನಲ್ಲಿ ಕೂತವಳನ್ನು ಜನ ಕಾಯಿಲೆಯವಳೆಂದುಕೊಂಡು ಕನಿಕರಿಸಿದರು. ಸಂಪುಟವನ್ನು ತೊಡೆಯ ಮೇಲಿಟ್ಟುಕೊಂಡು ತಂದು ಮೇಷ್ಟ್ರ ಮನೆಯ ಬಾಗಿಲು ತಟ್ಟಿದಳು.

“ಆ ಕಲೆ ಮಾಡಿದ್ದು ನಾನೇ ಮೇಷ್ಟ್ರೇ.”

“ಇರುವೆಗಳು ಚಾಡಿ ಹೇಳಿದ್ವು,” ಎನ್ನುತ್ತಾ ಅವರು ಬುರುಡೆಗೆ ನೀರು ಬಗ್ಗಿಸಿ ಕೊಟ್ಟರು. “ನಮ್ಮನೇಲಿ ಸಕ್ಕರೆ ಇಲ್ಲ. ಸಾಕಾದಾಗ ಧನ್ಯವಾದ ಅನ್ನಿ, ನಿಲ್ಲಿಸ್ತೀನಿ.”

ಬೇವಿಗಿಂತ ಕಹಿ. ಫ್ಲಾಸ್ಕಿನ ನೀರು ಮುಗಿಯುವವರೆಗೂ ನೆಲ್ಬಾ ಧನ್ಯವಾದ ಹೇಳಲಿಲ್ಲ.