ಒಲೆ ಹಾಕಿದಾಕೆ

ಅವರ ಬಲಗೈ ಉಗುರುಗಳ ಸಂದಿಯಲ್ಲಿ ಸದಾ ಕೆಮ್ಮಣ್ಣು. ಎಷ್ಟು ತಿಕ್ಕಿದರೂ ಹೋಗದು. ಆ ಕೈಯಿಂದಲೇ ನಮಗೆ ಮಜ್ಜಿಗೆ ಕೊಡುತ್ತಿದ್ದರು, ಆ ಕೈಯಿಂದಲೇ ಬೆನ್ನಿಗೆ ಗುದ್ದುತ್ತಿದ್ದರು. ಹೊಸಪೇಟೆಯಲ್ಲಿ ನಾವಿದ್ದ ಹಳೆಯ ವಠಾರದ ಯಜಮಾನಿ ಆಕೆ. ನಡುವೆ ಅಂಗಳ, ಸುತ್ತಲೂ ಮಣ್ಣಿನ ಮಾಳಿಗೆಯ ಮನೆಗಳು. ಬಾಡಿಗೆಯ ಹೆಂಗಸರೆಲ್ಲ ಅವರನ್ನು ದೊಡ್ಡವ್ವ ಎನ್ನುತ್ತಿದ್ದೆವು.

ಮದುವೆಯಾಗಿ ನಾನು ಕಂಪ್ಲಿಯಿಂದ ಬಂದ ದಿನ ಸೆರಗು ಸಿಕ್ಕಿಸಿ, ಮಣ್ಣು ಕಲಸಿ ನನಗೊಂದು ಒಲೆ ಹಾಕಿಕೊಟ್ಟರು. ಆ ವಠಾರದಲ್ಲಿ ಒಲೆಯೇ ಕರಾರು. ದೊಡ್ಡವ್ವ ಒಲೆ ಹಾಕಿದರೆ ಮನೆ ನಿನ್ನದು. ಹಾಕಿದವರ ಹೊರತು ಇನ್ನೊಬ್ಬರು ಅದನ್ನು ಆರಿಸುವಂತಿಲ್ಲ, ಒಡೆಯುವಂತಿಲ್ಲ. ಹೊಗೆಯಿಲ್ಲದೆ ಉರಿ ಮಾಡುವುದು, ಹಿಡಿ ಜೋಳದಲ್ಲಿ ಮನೆಮಂದಿಗೆಲ್ಲ ಅಂಬಲಿ ಕಾಯಿಸುವುದು, ಎಲ್ಲವನ್ನೂ ಅವರೇ ಕಲಿಸಿದರು, ಬೈದು ಬೈದು.

"ನಿಮ್ಮವ್ವ ನಿನಗ ಉಣ್ಣಾದಷ್ಟ ಕಲಿಸ್ಯಾಳೇನ?"

ಆಮೇಲೆ ಸಂಡೂರಿನ ಅದಿರಿನ ಕಂಪನಿಯೊಂದು ವಠಾರವನ್ನು ಆಫೀಸು ಮಾಡಲು ಕೇಳಿತು. ಮಾರಲು ನಿಂತವರು ದೊಡ್ಡವ್ವನ ಮೈದುನರು; ಆಸ್ತಿಯ ಕಾಗದವೆಲ್ಲ ಅವರ ಹೆಸರಿನಲ್ಲಿತ್ತು. ಬಾಡಿಗೆಯವರನ್ನು ಬಿಡಿಸಿಕೊಟ್ಟರೆ ನಿನ್ನ ಅಡುಗೆಮನೆ ನಿನಗೇ ಇರಲಿ ಎಂದು ಆಕೆಗೆ ಮಾತು ಕೊಟ್ಟರು. ಗೋಡೆ ಒಡೆಯಲು ಬಂದ ಕೂಲಿಯವರು ಉರಿಯುವ ಒಲೆಯಿರುವ ಮನೆಗೆ ಹಾರೆ ಹಾಕುವುದಿಲ್ಲ ಎಂದು ಅಂಗಳದಲ್ಲೇ ಕುಳಿತರು. ಆಗ ದೊಡ್ಡವ್ವ ಕೊಡ ಹಿಡಿದು ಮನೆಮನೆಗೆ ನಡೆದರು.

ನಾನು ಹಸಿ ಬಾಣಂತಿ. ಕೂಸಿಗೆ ಎರೆಯುವ ನೀರು ಕಾಯುತ್ತಿತ್ತು.

"ದೊಡ್ಡವ್ವಾ, ಕೂಸಿಗೆ ಎರದು ಬಿಡ್ತೀನ್ರಿ" ಎಂದೆ.

"ಎಲ್ಲಾರೂ ಒಂದೊಂದು ನೆವ ಹೇಳ್ತೀರಿ" ಎಂದು ಗಡಿಗೆ ಇಳಿಸಿ, ಉರಿಯ ಮೇಲೆ ಕೊಡ ಬಗ್ಗಿಸಿದರು. ಬೂದಿ ಎದ್ದು ಕೂಸಿನ ಮುಖವೆಲ್ಲ ತುಂಬಿತು. "ಹಾಕಿದಾಕಿ ನಾನು, ಆರಿಸಾಕಿನೂ ನಾನು. ಅಳಬ್ಯಾಡ, ಏಳು."

ತಮ್ಮ ಅಡುಗೆಮನೆಯ ವಿಷಯ ಕಾಗದದಲ್ಲಿ ಬರೆಸಲಿಲ್ಲ ಆ ಮಾರಾಯ್ತಿ. ಅಲ್ಲಿದ್ದ ಒಲೆ ಹಾಕಿದ್ದು ಅವರ ಅತ್ತೆ. ಅತ್ತೆ ಸತ್ತು ಎಷ್ಟೋ ವರ್ಷವಾಗಿತ್ತು. ಅದನ್ನು ಆರಿಸುವವರು ಭೂಮಿಯ ಮೇಲೆ ಯಾರೂ ಇಲ್ಲ ಎಂಬ ಧೈರ್ಯ.

ಗೋಡೆಗಳಿಗೆ ಸುಣ್ಣ ಬಳಿದು, ಮೇಜು ಕುರ್ಚಿ ಬಂದ ಮೇಲೆ ಟೈಪು ಮಾಡುವವನಿಗೆ ಜಾಗ ಸಾಲಲಿಲ್ಲ. ಕಂಪನಿಯ ಗುಮಾಸ್ತ ಜವಾನನೊಂದಿಗೆ ಅಡುಗೆಮನೆಯ ಬಾಗಿಲಿಗೆ ಬಂದ. ವಠಾರ ಬಿಟ್ಟು ಹಿಂದಿನ ಓಣಿ ಸೇರಿದ್ದ ನಾವೆಲ್ಲ ಗದ್ದಲ ಕೇಳಿ ನೋಡಲು ಹೋದೆವು. ಸುಳ್ಳೇಕೆ, ಖುಷಿಯಿಂದಲೇ ಹೋದೆವು.

"ಇದನ್ನ ಹಾಕಿದಾಕಿ ಸತ್ತಾಳ. ಆರಿಸಾಕ ನೀ ಯಾರಲೇ?"

ಗುಮಾಸ್ತನಿಗೆ ಸಿಟ್ಟೂ ಬರಲಿಲ್ಲ. "ಅಮ್ಮಾ, ಕಾಗದದಲ್ಲಿ ಇಡೀ ಮನೆ ಅಂತ ಇದೆ. ಒಲೆ ಅಂತ ಎಲ್ಲೂ ಇಲ್ಲ."

ಜವಾನ ಬಕೀಟು ಸುರಿದ. ದೊಡ್ಡವ್ವ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು.

ಸಂಜೆ ನಮ್ಮ ಮನೆಗೆ ಬಂದರು. ನಾನಿನ್ನೂ ಮೂರು ಕಲ್ಲಿಟ್ಟು ಬೇಯಿಸುತ್ತಿದ್ದೆ. ಹೇಳದೆ ಕೇಳದೆ ಮಣ್ಣು ಕಲಸಿ, ಕತ್ತಲಾಗುವುದರೊಳಗೆ ಒಲೆ ಹಾಕಿ ಮುಗಿಸಿದರು. ಕೈ ತೊಳೆಯದೆ ಹಾಗೇ ಕುಳಿತು ಕೇಳಿದರು:

"ಮೂಲ್ಯಾಗ ಬಿದ್ದಿರ್ತೀನವ್ವ. ಇರಸ್ಕೊಂತೀಯೇನು?"

"ಅಂಬಲಿ ಕುಡದು ಹೋಗ್ರಿ" ಎಂದೆ.

ಕುಡಿದು ಹೋದರು. ಕಮಲಾಪುರದಲ್ಲಿ ಯಾರದೋ ದನದ ಕೊಟ್ಟಿಗೆಯಲ್ಲಿ ಸತ್ತರೆಂದು ಬೇಸಿಗೆಯ ಹೊತ್ತಿಗೆ ಸುದ್ದಿ ಬಂತು.

ಆ ಒಲೆ ಇಂದಿಗೂ ಬಿರುಕು ಬಿಟ್ಟಿಲ್ಲ. ನನ್ನ ಮಕ್ಕಳೆಲ್ಲ ಅದರ ಮೇಲೆ ಬೆಂದದ್ದನ್ನೇ ಉಂಡು ಬೆಳೆದರು. ಆ ಋಣ ನನ್ನ ಮೇಲಿದೆ, ಇಲ್ಲವೆನ್ನುವುದಿಲ್ಲ. ಹಾಕಿದಾಕೆ ಹೋದಳು, ಇನ್ನು ನಿನ್ನ ಒಲೆ ಯಾರೂ ಆರಿಸುವಂತಿಲ್ಲ ಎಂದು ಓಣಿಯವರು ಹೇಳುತ್ತಾರೆ. ನಾನು ಮಾತ್ರ ಈ ಮನೆ ಕೊಂಡಾಗ ಕಾಗದದ ಮೊದಲ ಸಾಲಿನಲ್ಲೇ ಒಲೆ ಎಂದು ಬರೆಸಿದ್ದೇನೆ.